ಅಟ್ಲಾಂಟಿಕ್‌ನ ಎರಡು ದಡ, ಬರೆದಿಟ್ಟು ಉಳಿಸಿದ ನಂಟು



ಪುಣೆಯ ನಮ್ಮ ಕನ್ನಡದ ಮನೆಗಳಲ್ಲಿ ಈಗ ಒಂದು ಮಾತು ಸಾಮಾನ್ಯ: ‘ಮಗಳು ಇಂಗ್ಲೆಂಡಿನಲ್ಲಿ, ಮಗ ಅಮೆರಿಕದಲ್ಲಿ.’ ನಮ್ಮ ಮನೆಯದೂ ಅದೇ ಕಥೆ. ಅಕ್ಕ ರೆಡಿಂಗ್‌ನಲ್ಲಿದ್ದಾಳೆ, ತಮ್ಮ ನ್ಯೂಜೆರ್ಸಿಯಲ್ಲಿ. ಅಮ್ಮ ನನ್ನ ಜೊತೆ ಇಲ್ಲಿದ್ದಾರೆ. ಅಕ್ಕನ ಮಕ್ಕಳಿಗೂ ತಮ್ಮನ ಮಗಳಿಗೂ ನಡುವೆ ಅಟ್ಲಾಂಟಿಕ್ ಸಾಗರ. ಅವರು ಒಬ್ಬರಿಗೊಬ್ಬರು ನಮ್ಮವರು ಅನ್ನಿಸುವಂತೆ ಉಳಿಯುವುದು ಹೇಗೆ?

ನಾನು ಐಟಿಯವಳು, ಒಂದಷ್ಟು ಆ್ಯಪ್‌ಗಳ ಪಟ್ಟಿ ಕೊಡುತ್ತೇನೆ ಎಂದು ನೀವು ಅಂದುಕೊಂಡಿರಬಹುದು. ಆ ಪಟ್ಟಿ ತಂದಿಲ್ಲ. ಅದರ ಬದಲು, ಇದೇ ಸಾಗರದ ಎರಡು ದಡಗಳಲ್ಲಿ ಹಂಚಿಹೋಗಿದ್ದ ಇನ್ನೂರೈವತ್ತು ವರ್ಷ ಹಿಂದಿನ ಒಂದು ಕುಟುಂಬದ ಕಥೆ ತಂದಿದ್ದೇನೆ.

ಬೆಂಜಮಿನ್ ಫ್ರಾಂಕ್ಲಿನ್ ಹೆಸರನ್ನು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಗಾಳಿಪಟ, ಮಿಂಚು, ಅಮೆರಿಕದ ಸ್ವಾತಂತ್ರ್ಯ. ಅವರು 1757ರಿಂದ 1762ರವರೆಗೆ, ಮತ್ತೆ 1764ರ ಕೊನೆಯಿಂದ 1775ರವರೆಗೆ ಲಂಡನ್ನಿನ ಕ್ರೇವನ್ ಸ್ಟ್ರೀಟಿನಲ್ಲಿ ಬಾಡಿಗೆಗಿದ್ದರು. ಅವರಿದ್ದ ಮನೆ ಈಗ ಮ್ಯೂಸಿಯಂ. ಹೆಂಡತಿ ಡೆಬೊರಾ ಇದ್ದದ್ದು ಫಿಲಡೆಲ್ಫಿಯಾದಲ್ಲಿ. ಆಕೆಗೆ ಸಮುದ್ರ ಪ್ರಯಾಣವೆಂದರೆ ಭಯ. ಗಂಡನಿದ್ದ ಲಂಡನ್ನಿಗೆ ಹೋಗಲೇ ಇಲ್ಲ. ತಂಗಿ ಜೇನ್ ಮೀಕಮ್ ಇದ್ದದ್ದು ಬಾಸ್ಟನ್‌ನಲ್ಲಿ.

ಕಾಗದ ಒಂದು ದಡದಿಂದ ಇನ್ನೊಂದು ದಡಕ್ಕೆ ಹೋಗಲು ವಾರಗಟ್ಟಲೆ ಬೇಕಿತ್ತು. ಆದರೂ ಹಡಗಿನಲ್ಲಿ ಏನೇನು ಹೋಗುತ್ತಿತ್ತು ನೋಡಿ. ಡೆಬೊರಾ ಕಡೆಯಿಂದ ಸೇಬು, ಮುಸುಕಿನ ಜೋಳದ ಹಿಟ್ಟು. ಫ್ರಾಂಕ್ಲಿನ್ ಕಡೆಯಿಂದ ಪಿಂಗಾಣಿ ಪಾತ್ರೆ, ಬಟ್ಟೆ, ಕಂಬಳಿ. 1758ರಲ್ಲಿ ಒಂದು ದೊಡ್ಡ ಹೂಜಿಯನ್ನೂ ಕಳಿಸಿದರು. ಅದನ್ನು ನೋಡಿದಾಗ ನೀಟಾಗಿ ಉಡುಪು ತೊಟ್ಟ ಗುಂಡುಗುಂಡಾದ ಹೆಂಗಸಿನಂತೆ ಕಂಡಿತಂತೆ, ನಿನ್ನ ನೆನಪಾಯಿತು ಎಂದು ಹೆಂಡತಿಗೆ ಬರೆದರು! ನಮ್ಮ ಮನೆಗಳಿಂದ ಹೋಗುವ ಚಟ್ನಿಪುಡಿ, ಹುರಿಗಡಲೆ, ಹಪ್ಪಳದ ಡಬ್ಬಿ ನೆನಪಾಗಲಿಲ್ಲವೇ?

1765ರ ಹೊತ್ತಿಗೆ ಫಿಲಡೆಲ್ಫಿಯಾದಲ್ಲಿ ಅವರ ಹೊಸ ಮನೆ ಮುಗಿಯುತ್ತಿತ್ತು. ಮಾಲೀಕ ಮಾತ್ರ ಲಂಡನ್ನಿನಲ್ಲಿ. ಯಾವ ಕೋಣೆಯಲ್ಲಿ ಏನಿಟ್ಟಿದ್ದೇನೆ ಎಂದು ಡೆಬೊರಾ ಒಂದೊಂದಾಗಿ ಬರೆದರು. ಅಡುಗೆಮನೆ ಮುಗಿಯುವಾಗ ತಾನು ಅಲ್ಲಿರಬೇಕಿತ್ತು ಎಂದು ಅವರು ಅಲ್ಲಿಂದ ಬರೆದರು. ಈ ಕಾಗದಗಳ ಗುಟ್ಟು ಇದೇ. ‘ಚೆನ್ನಾಗಿದ್ದೀಯಾ, ಚೆನ್ನಾಗಿದ್ದೇನೆ’ಯಲ್ಲಿ ಅವು ಮುಗಿಯುವುದಿಲ್ಲ. ಮನೆಯ ಮೂಲೆಮೂಲೆಯೂ ಅದರಲ್ಲಿದೆ.

ಕಾಗದ ಬೇಗ ತಲುಪಲಿ ಎಂಬ ಪ್ರಯತ್ನವೂ ನಡೆಯಿತು. ಫ್ರಾಂಕ್ಲಿನ್ ಆಗ ಅಮೆರಿಕದ ಅಂಚೆಯ ಅಧಿಕಾರಿಯೂ ಹೌದು. ಇಂಗ್ಲೆಂಡಿನಿಂದ ನ್ಯೂಯಾರ್ಕಿಗೆ ಬರುವ ಅಂಚೆ ಹಡಗು, ರೋಡ್ ಐಲೆಂಡಿಗೆ ಬರುವ ವ್ಯಾಪಾರದ ಹಡಗಿಗಿಂತ ಸುಮಾರು ಎರಡು ವಾರ ತಡವಾಗುತ್ತದೆ ಎಂಬ ದೂರು ಬಂತು. ಯಾಕೆ? ತಿಮಿಂಗಿಲ ಬೇಟೆ ಬಲ್ಲ ಅವರ ಬಂಧು, ಕ್ಯಾಪ್ಟನ್ ಟಿಮೊತಿ ಫೋಲ್ಜರ್ ಕಾರಣ ಹೇಳಿದರು: ಅಂಚೆ ಹಡಗುಗಳು ಗಲ್ಫ್ ಸ್ಟ್ರೀಮ್ ಎಂಬ ಸಾಗರದ ಹರಿವಿಗೆ ಎದುರಾಗಿ ಬರುತ್ತಿದ್ದವು. ಫೋಲ್ಜರ್ ನೆರವಿನಿಂದ ಆ ಹರಿವಿನ ನಕ್ಷೆಯೇ ತಯಾರಾಯಿತು. ಇದನ್ನು ಓದಿದಾಗ ನನಗೆ ಖುಷಿಯಾಯಿತು. ನೆಟ್‌ವರ್ಕಿನಲ್ಲಿ ನಾವು ದಿನವೂ ಎದುರಿಸುವ ‘ಡಿಲೇ’ ಸಮಸ್ಯೆ ಆಗಲೂ ಇತ್ತು!

ಆದರೆ ಒಂದು ಕಹಿ ಸತ್ಯವನ್ನೂ ಹೇಳಬೇಕು. 1769ರ ಹೊತ್ತಿಗೆ ಡೆಬೊರಾಗೆ ಸ್ಟ್ರೋಕ್ ಆಗಿತ್ತು. 1774ರ ಡಿಸೆಂಬರಿನಲ್ಲಿ ಆಕೆ ತೀರಿಕೊಂಡಾಗ ಗಂಡ ಲಂಡನ್ನಿನಲ್ಲೇ ಇದ್ದರು. ಇಬ್ಬರೂ ಮುಖ ನೋಡಿ ಹತ್ತು ವರ್ಷವಾಗಿತ್ತು. ಕಾಗದ ಎಷ್ಟೇ ಬಂದರೂ ಮನುಷ್ಯ ಬಂದಂತಲ್ಲ. ವಿಡಿಯೊ ಕಾಲ್‌ಗೂ ಈ ಮಾತು ಅನ್ವಯಿಸುತ್ತದೆ. ಹೋಗಬೇಕಾದಾಗ ಹೋಗಲೇಬೇಕು.

ಈಗ ನೆನಪಿನ ವಿಷಯ. ಫ್ರಾಂಕ್ಲಿನ್ನರ ತಂದೆ ಇಂಗ್ಲೆಂಡಿನವರು, 1683ರ ಸುಮಾರಿಗೆ ಬಾಸ್ಟನ್ನಿಗೆ ಬಂದು ನೆಲೆಸಿದವರು. ಸುಮಾರು 75 ವರ್ಷದ ಮೇಲೆ, 1758ರಲ್ಲಿ, ಫ್ರಾಂಕ್ಲಿನ್ ಮಗನನ್ನು ಕರೆದುಕೊಂಡು ನಾರ್ತಾಂಪ್ಟನ್‌ಶೈರಿನ ಎಕ್ಟನ್ ಎಂಬ ಹಿರಿಯರ ಊರಿಗೆ ಹೋದರು. ಅಲ್ಲಿ ದಾರಿ ತೋರಿಸಿದ್ದು ಪಾದ್ರಿಯ ಹೆಂಡತಿ, ಮಾತುಗಾರ್ತಿ ಅಜ್ಜಿಯೊಬ್ಬರು. ಆ ಮನೆತನದ ಬಗ್ಗೆ ಅವರಿಗೆ ಬಹಳ ನೆನಪಿತ್ತು. ಸಮಾಧಿ ಕಲ್ಲುಗಳ ಮೇಲೆ ಪಾಚಿ ಕಟ್ಟಿ ಅಕ್ಷರವೇ ಕಾಣುತ್ತಿರಲಿಲ್ಲ. ಅಜ್ಜಿ ಬ್ರಷ್ಷು, ನೀರು ತರಿಸಿದರು. ಫ್ರಾಂಕ್ಲಿನ್ನರ ಜೊತೆ ಬಂದಿದ್ದ ಪೀಟರ್ ಎಂಬ ಗುಲಾಮ ಉಜ್ಜಿ ತೊಳೆದ, ಮಗ ಕೂತು ನಕಲು ಮಾಡಿಕೊಂಡ. ಈ ವಿವರವನ್ನೆಲ್ಲ ಫ್ರಾಂಕ್ಲಿನ್ ಹೆಂಡತಿಗೆ ಬರೆದರು. 1771ರಲ್ಲಿ ಅವರು ಬರೆಯಲು ಶುರುಮಾಡಿದ ಆತ್ಮಕಥೆಯ ಮೊದಲಿಗೇ ಮಗನಿಗೆ ಈ ಪ್ರಯಾಣವನ್ನು ನೆನಪಿಸುತ್ತಾರೆ.

ಸಮುದ್ರದ ಆಚೆ ತಂಗಿ ಜೇನ್ ಇನ್ನೊಂದು ರೀತಿಯ ಕೆಲಸ ಮಾಡುತ್ತಿದ್ದರು. 15ನೇ ವಯಸ್ಸಿಗೆ ಮದುವೆ, 12 ಮಕ್ಕಳು. ಅವರಲ್ಲಿ 11 ಮಂದಿ ತಾಯಿಯ ಕಣ್ಣೆದುರೇ ಹೋದರು. ಶಾಲೆಯ ಓದು ಸಿಗದ ಈ ತಾಯಿ ಹಾಳೆಗಳನ್ನು ಹೊಲಿದು ಪುಟ್ಟ ಪುಸ್ತಕ ಮಾಡಿ ‘ಬುಕ್ ಆಫ್ ಏಜಸ್’ ಎಂದು ಹೆಸರಿಟ್ಟರು. ಯಾರು ಎಂದು ಹುಟ್ಟಿದರು, ಎಂದು ತೀರಿಕೊಂಡರು, ಅಷ್ಟೇ. ಆ ಕೆಲವೇ ಪುಟಗಳು ಇಂದಿಗೂ ಬಾಸ್ಟನ್‌ನಲ್ಲಿ ಭದ್ರವಾಗಿವೆ. ಇತಿಹಾಸಕಾರ್ತಿ ಜಿಲ್ ಲೆಪೋರ್ 2013ರಲ್ಲಿ ಅದೇ ಹೆಸರಿನಲ್ಲಿ ಜೇನ್ ಅವರ ಜೀವನಚರಿತ್ರೆ ಬರೆದರು. ಮನೆತನದ ವಿಶೇಷ ಸಾಬೂನು ಮಾಡುವ ವಿಧಾನವನ್ನೂ ಅಣ್ಣ ಕೇಳಿದ್ದಕ್ಕೆ ಜೇನ್ ವಿವರವಾಗಿ ಬರೆದುಕೊಟ್ಟರು. ತನ್ನ ಕಾಗುಣಿತ ಚೆನ್ನಾಗಿಲ್ಲ ಎಂದು ಆಕೆಗೆ ಸಂಕೋಚ. ಅಣ್ಣ ಮುಂದೆ ಒಂದು ಕಾಗದದಲ್ಲಿ, ತಪ್ಪು ಅನ್ನುವ ಕಾಗುಣಿತವೇ ಉಚ್ಚಾರಕ್ಕೆ ಹತ್ತಿರ, ಚಿಂತೆ ಬೇಡ ಎಂದರು. ಕನ್ನಡದಲ್ಲಿ ತಪ್ಪುತಪ್ಪಾಗಿ ನಾಲ್ಕು ಸಾಲು ಬರೆದು ಅಜ್ಜಿಗೆ ಕಳಿಸುವ ಮಕ್ಕಳನ್ನು ನಾವೂ ಹೀಗೇ ನೋಡಬೇಕು.

ಈ ಕಥೆಯಿಂದ ನನಗೆ ಅನ್ನಿಸಿದ್ದು ಇಷ್ಟು. ಈಗ ರೆಡಿಂಗ್‌ನಿಂದ ನ್ಯೂಜೆರ್ಸಿಗೆ ಮಾತು ಕ್ಷಣದಲ್ಲಿ ತಲುಪುತ್ತದೆ. ವೇಗದ ಸಮಸ್ಯೆ ಮುಗಿದಿದೆ, ಉಳಿಸಿಕೊಳ್ಳುವ ಸಮಸ್ಯೆ ಮುಗಿದಿಲ್ಲ. ವಾರಕ್ಕೆ ಮೂರು ಸಲ ಮಾತಾಡುತ್ತೇವೆ, ಮಾತು ಗಾಳಿಯಲ್ಲಿ ಹೋಗುತ್ತದೆ. ಫೋನ್ ಬದಲಾದಾಗ ವಾಟ್ಸ್‌ಆ್ಯಪ್ ಗುಂಪಿನ ಹಳೆಯದೆಲ್ಲ ಎಷ್ಟೋ ಸಲ ಹೋಗಿಬಿಡುತ್ತದೆ. ಅಮ್ಮನ ಮದುವೆಯ ಒಂದು ಗ್ರೂಪ್ ಫೋಟೊ ಇದೆ, ಅದರಲ್ಲಿ 17 ಜನ. ಎಲ್ಲರ ಹೆಸರು ಹೇಳಬಲ್ಲವರು ಈಗ ಅಮ್ಮ ಒಬ್ಬರೇ. ನನಗೆ ಒಂಬತ್ತು ಹೆಸರು ಗೊತ್ತು, ಅಕ್ಕನ ಮಕ್ಕಳಿಗೆ ಎರಡು. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಇಡೀ ಮನೆತನದ ಡೇಟಾ ಒಂದೇ ಸರ್ವರ್‌ನಲ್ಲಿದೆ, ಬ್ಯಾಕಪ್ ಇಲ್ಲ.

ಆದ್ದರಿಂದ ನನ್ನ ಸಲಹೆ ಮೂರೇ. ಒಂದು, ಪ್ರತಿ ಮನೆಯಲ್ಲೂ ಒಬ್ಬರು ಜೇನ್ ಆಗಬೇಕು. ಹುಟ್ಟು, ಮದುವೆ, ಸಾವು, ಊರು, ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದು, ಪುಟದ ಫೋಟೊ ತೆಗೆದು ಎರಡೂ ದೇಶದವರಿಗೆ ಕಳಿಸಬೇಕು. ‘ಎಲ್ಲರೂ ಸೇರಿ ಮಾಡೋಣ’ ಎಂದರೆ ಯಾರೂ ಮಾಡುವುದಿಲ್ಲ. ಎರಡು, ಹಿರಿಯರನ್ನು ಕೇಳುವಾಗ ‘ಹಳೇ ಕಥೆ ಹೇಳಿ’ ಅನ್ನಬೇಡಿ. ‘ನಿಮ್ಮ ಮನೆ ಬಾವಿ ಎಲ್ಲಿತ್ತು? ಈ ಸಾರಿನಪುಡಿಗೆ ಮೆಣಸು ಎಷ್ಟು?’ ಎಂದು ಕೇಳಿ, ರೆಕಾರ್ಡ್ ಮಾಡಿಕೊಳ್ಳಿ. ಎಕ್ಟನ್ನಿನ ಅಜ್ಜಿಯಂತೆ ಅವರು ತಾವೇ ಎದ್ದು ದಾರಿ ತೋರಿಸುತ್ತಾರೆ. ಮೂರು, ಇಂಗ್ಲೆಂಡಿನ ಮಕ್ಕಳೂ ಅಮೆರಿಕದ ಮಕ್ಕಳೂ ನಮ್ಮ ಮಧ್ಯಸ್ಥಿಕೆ ಇಲ್ಲದೆ ತಾವೇ ಮಾತಾಡಲಿ. ನ್ಯೂಜೆರ್ಸಿಗೂ ಇಂಗ್ಲೆಂಡಿಗೂ ಇರುವುದು ಐದು ಗಂಟೆಯ ಅಂತರ. ಮಾರ್ಚಿನಲ್ಲಿ ಎರಡು-ಮೂರು ವಾರ, ಅಕ್ಟೋಬರ್ ಕೊನೆಗೆ ಒಂದು ವಾರ ಅದು ನಾಲ್ಕು ಗಂಟೆ. ಅಲ್ಲಿ ಗಡಿಯಾರ ತಿರುಗಿಸುವ ದಿನ ಬೇರೆಬೇರೆ. ನ್ಯೂಜೆರ್ಸಿಯಲ್ಲಿ ಬೆಳಿಗ್ಗೆ, ಇಂಗ್ಲೆಂಡಿನಲ್ಲಿ ಮಧ್ಯಾಹ್ನ; ಭಾನುವಾರ ಮಾತಿಗೆ ಧಾರಾಳ ಸಮಯ ಸಿಗುತ್ತದೆ. ನಾವು ಹೋದಮೇಲೂ ನಂಟು ನಡೆಯಬೇಕಾದ್ದು ಆ ಮಕ್ಕಳ ನಡುವೆ.

ಮುಂದಿನ ಸಭೆಗೆ ಬರುವಾಗ ಪ್ರತಿಯೊಬ್ಬರೂ ಒಂದು ಹಳೆಯ ಫೋಟೊ ತನ್ನಿ, ಜೊತೆಗೊಂದು ಪೆನ್ಸಿಲ್. ಯಾರು, ಯಾವ ಊರು, ಯಾವ ವರ್ಷ ಎಂದು ಫೋಟೊದ ಹಿಂದೆ ಹಗುರವಾಗಿ ಬರೆಯೋಣ. ಕಾಗುಣಿತ ತಪ್ಪಿದರೂ ಪರವಾಗಿಲ್ಲ.