ನಲವತ್ತೈದು ಪಂದ್ಯಗಳ ಆಟಗಾರ

(ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ನಾನು ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಎರಡು ಸಲ ಡುಮ್ಕಿ ಹೊಡೆದವನು. ಆಹ್ವಾನ ಪತ್ರಿಕೆ ಕೈಸೇರಿದಾಗ, ಡಾಕ್ಟರು, ಎಂಜಿನಿಯರುಗಳ ನಡುವೆ ನನಗೇನು ಕೆಲಸ ಎಂದುಕೊಂಡೆ. ಆಗ ನೆನಪಾದವರು ವಿಲ್ಲಿ ಓರೀ. ಕೆನಡಾದಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಅವರ ಕಥೆ ತಿಳಿದಿತ್ತು.

ಹಾಕಿ ಎಂದರೆ ನಮಗೆ ಕೊಡಗು. ಅಲ್ಲಿಯವರಿಗೆ ಹಾಕಿ ಎಂದರೆ ಮಂಜುಗಡ್ಡೆಯ ಮೇಲಿನ ಆಟ. ಕಾಲಿಗೆ ಉಕ್ಕಿನ ಅಲಗಿನ ಬೂಟು. ಚೆಂಡಿನ ಬದಲು ಪಕ್ ಎಂಬ ಗಟ್ಟಿ ರಬ್ಬರಿನ ಬಿಲ್ಲೆ.

ಓರೀ ಹುಟ್ಟಿದ್ದು 1935ರಲ್ಲಿ, ಫ್ರೆಡರಿಕ್ಟನ್‌ನ ಕಪ್ಪು ಜನಾಂಗದ ಕುಟುಂಬದಲ್ಲಿ. ಹರೆಯದಲ್ಲೇ ಪಕ್ ಬಡಿದು ಬಲಗಣ್ಣಿನ ದೃಷ್ಟಿ ಬಹುಪಾಲು ಹೋಯಿತು. ಇನ್ನು ಆಡಬೇಡ ಎಂದರು ವೈದ್ಯರು. ಅವರು ಅದನ್ನು ಮುಚ್ಚಿಟ್ಟು ಆಡಿದರು. ಮಕ್ಕಳೇ, ಇದನ್ನು ಮಾತ್ರ ನೀವು ಅನುಸರಿಸಬೇಡಿ. ಪೆಟ್ಟಾದರೆ ಮೇಷ್ಟ್ರಿಗೆ ಹೇಳಿ.

1958ರ ಜನವರಿ 18ರಂದು ಮಾಂಟ್ರಿಯಲ್‌ನಲ್ಲಿ ಬಾಸ್ಟನ್ ಬ್ರೂಯಿನ್ಸ್ ತಂಡದ ಪರ ಕಣಕ್ಕಿಳಿದು, ನ್ಯಾಷನಲ್ ಹಾಕಿ ಲೀಗಿನಲ್ಲಿ ಆಡಿದ ಮೊದಲ ಕಪ್ಪು ಆಟಗಾರರಾದರು. ಮೈಬಣ್ಣದ ಬಗ್ಗೆ ಬೈಗುಳ ತಿಂದರು. 1961ರ ನಂತರ ಆ ಲೀಗಿನಲ್ಲಿ ಮತ್ತೆ ಅವಕಾಶ ಸಿಗಲಿಲ್ಲ. ಒಟ್ಟು 45 ಪಂದ್ಯ, 4 ಗೋಲು. ಅಷ್ಟೇ.

ಆದರೆ ಆಟ ಅಲ್ಲಿಗೆ ಮುಗಿಯಲಿಲ್ಲ. ಲಾಸ್ ಏಂಜಲೀಸ್, ಸ್ಯಾನ್ ಡಿಯಾಗೋ ತಂಡಗಳಿಗಾಗಿ ಕೆಳಗಿನ ಲೀಗಿನಲ್ಲಿ ಆಡಿದರು. ಮೊದಲು ಅವರದು ಎಡಬದಿಯ ಸ್ಥಾನ. ಪಕ್ ಬರುತ್ತಿದ್ದದ್ದು ಕಾಣದ ಕಣ್ಣಿನ ಕಡೆಯಿಂದ. ಲಾಸ್ ಏಂಜಲೀಸ್‌ನಲ್ಲಿ ಬಲಬದಿಗೆ ಹಾಕಿದರು. ಪಕ್ ಕಾಣುವ ಕಣ್ಣಿನ ಕಡೆಯಿಂದ ಬರತೊಡಗಿತು. ಆಮೇಲೆ ಎರಡು ಋತುಗಳಲ್ಲಿ ತಲಾ 38 ಗೋಲು ಹೊಡೆದರು! ಆಟ ನಿಲ್ಲಿಸಿದ್ದು 1979ರಲ್ಲಿ, 43ರ ವಯಸ್ಸಿನಲ್ಲಿ. ಮುಂದೆ ಆ ದೊಡ್ಡ ಲೀಗೇ ಮಕ್ಕಳನ್ನು ಆಟಕ್ಕೆ ಕರೆತರುವ ಕೆಲಸ ಕೊಟ್ಟು ಅವರನ್ನು ಕರೆಯಿತು. 2022ರಲ್ಲಿ, ಸರಿಯಾಗಿ ಜನವರಿ 18ರಂದೇ, ಅವರ 22ನೇ ನಂಬರಿನ ಅಂಗಿಯನ್ನು ಇನ್ನಾರಿಗೂ ಕೊಡದೆ ಬಾಸ್ಟನ್ ತಂಡ ಗೌರವದಿಂದ ಮೀಸಲಿಟ್ಟಿತು.

ಗುರುಗಳಲ್ಲಿ ನನ್ನ ಬಿನ್ನಹ ಇಷ್ಟೇ. ಹಿಂದುಳಿದ ಹುಡುಗನನ್ನು ದಡ್ಡ ಎನ್ನುವ ಮೊದಲು ಅವನು ನಿಂತ ಜಾಗ ಒಮ್ಮೆ ಬದಲಿಸಿ ನೋಡಿ. ನನ್ನನ್ನು ಬೆಂಚಿನಿಂದ ಎಬ್ಬಿಸಿ ಕಾರ್ಪೆಂಟ್ರಿ ಕೊಠಡಿಗೆ ಕಳಿಸಿದ ಮೇಷ್ಟ್ರು ಇಂದು ನಮ್ಮೊಂದಿಗಿಲ್ಲ. ಈ ವೇದಿಕೆಯ ಮರದ ಕೆಲಸ ನನ್ನದು. ಅವರಿಗೆ ನನ್ನ ನಮಸ್ಕಾರ.