ವಾಚಕರು ಕಂಡ ವಾಲ್ಟರ್ ಲಿಪ್‌ಮನ್

(ಒಂದು ವಾಚನಾಲಯದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ವಾಚನಾಲಯದ ಉತ್ಸವಕ್ಕೆ ಕರೆಯಿಸಿಕೊಂಡ ಪತ್ರಿಕೆಯವರು ಸಾಮಾನ್ಯವಾಗಿ ಬರೆಯುವವರ ಕಷ್ಟಸುಖಗಳನ್ನು ಹೇಳಿಕೊಂಡು ಕುಳಿತುಬಿಡುವರು. ನಾವು ಇಂದು ಓದುವವರ ವಿಷಯವಾಗಿ ನಾಲ್ಕು ಮಾತುಗಳನ್ನಾಡಬೇಕೆಂದು ಬಂದಿರುವೆವು. ಸಭೆಗೆ ಮುಂಚೆ ಅರ್ಧ ತಾಸು ನಿಮ್ಮ ಉದ್ದನ್ನ ಮೇಜಿನ ಬದಿಗೆ ಕುಳಿತಿದ್ದೆವು. ಒಬ್ಬ ಅಂಕಣಕಾರರ ಹೆಸರೆತ್ತಿ ಒಬ್ಬ ಗೃಹಸ್ಥರು 'ಇಂದು ಬಹಳ ಚೆನ್ನಾಗಿ ಬರೆದಿದ್ದಾರೆ' ಎಂದರು. ಪಕ್ಕದವರು 'ಛೇ, ಆತ ಮಾರಿಕೊಂಡ ಮನುಷ್ಯ' ಎಂದರು. ಇಬ್ಬರ ಮಾತಿನ ಬುಡವನ್ನು ಕೆದಕಿ ನೋಡಿದರೆ ಸಿಕ್ಕುವದು ಒಂದೇ: ಬರೆಹವು ತಮ್ಮ ಮನಸ್ಸಿಗೆ ಒಪ್ಪಿತು, ಇಲ್ಲವೆ ಒಪ್ಪಲಿಲ್ಲ. ರಾಜಕಾರಣವನ್ನು ಕುರಿತು ವರ್ಷಗಟ್ಟಲೆ ಬರೆಯುವ ಲೇಖಕನ ಯೋಗ್ಯತೆಯನ್ನು ಅಳೆಯಲಿಕ್ಕೆ ಬೇರೆ ಅಳತೆಗೋಲಿಲ್ಲವೇ? ಈ ಪ್ರಶ್ನೆಯನ್ನು ನಮ್ಮ ನಾಡಿನ ಲೇಖಕರ ಮೇಲೆ ಪ್ರಯೋಗಿಸಿದರೆ ಈ ಸಭೆಯು ಎರಡು ಪಕ್ಷವಾಗಿ ಒಡೆದೀತು. ಆದುದರಿಂದ ಅಮೇರಿಕೆಯ ಲೇಖಕರೊಬ್ಬರನ್ನು ಆರಿಸಿಕೊಂಡಿರುವೆವು. ಅವರ ಮೇಲೆ ನಿಮಗೆ ರಾಗವೂ ಇಲ್ಲ, ದ್ವೇಷವೂ ಇಲ್ಲ.

ವಾಲ್ಟರ್ ಲಿಪ್‌ಮನ್ನರು 1889ರಲ್ಲಿ ನ್ಯೂಯಾರ್ಕಿನ ಯಹೂದಿ ಮನೆತನವೊಂದರಲ್ಲಿ ಹುಟ್ಟಿದರು. ಹಾರ್ವರ್ಡಿನಲ್ಲಿ ಓದಿದರು. ತಾರುಣ್ಯದಲ್ಲಿ ಸಮಾಜವಾದಿ, 1912ರಲ್ಲಿ ಸ್ಕೆನೆಕ್ಟಡಿ ಎಂಬ ಊರಿನ ಸಮಾಜವಾದಿ ನಗರಾಧ್ಯಕ್ಷರ ಕಾರ್ಯದರ್ಶಿಗಳಾಗಿ ಕೆಲವು ತಿಂಗಳು ದುಡಿದು, ಬೇಸತ್ತು ಬಿಟ್ಟರು. 1914ರಲ್ಲಿ 'ನ್ಯೂ ರಿಪಬ್ಲಿಕ್' ವಾರಪತ್ರಿಕೆಯನ್ನು ಸ್ಥಾಪಿಸಿದವರಲ್ಲಿ ಒಬ್ಬರಾದರು. ಮುಂದೆ 'ವರ್ಲ್ಡ್' ಪತ್ರಿಕೆಯ ಅಗ್ರಲೇಖಗಳ ಪುಟವನ್ನು ನೋಡಿಕೊಂಡರು. 1931ರಲ್ಲಿ ಆ ಪತ್ರಿಕೆಯು ನಿಂತುಹೋಗಲು, ಅದೇ ವರ್ಷದ ಸಪ್ಟಂಬರದಲ್ಲಿ 'ಹೆರಾಲ್ಡ್ ಟ್ರಿಬ್ಯೂನ್' ಪತ್ರಿಕೆಯಲ್ಲಿ 'ಇಂದು ಮತ್ತು ನಾಳೆ' ಎಂಬ ಅಂಕಣವನ್ನು ಆರಂಭಿಸಿದರು. 1967ರ ವರೆಗೆ ಅದು ನಡೆಯಿತು. ಇನ್ನೂರಕ್ಕೂ ಮಿಕ್ಕಿದ ಪತ್ರಿಕೆಗಳು ಅದನ್ನು ಕೊಂಡು ಅಚ್ಚು ಹಾಕುತ್ತಿದ್ದವು.

ವಾಚಕರು ಇವರನ್ನು ಹೇಗೆ ಓದಿದರೆಂಬದಕ್ಕೆ ಎರಡು ವಿನೋದಚಿತ್ರಗಳೇ ಸಾಕ್ಷಿ. ಎರಡೂ 'ನ್ಯೂಯಾರ್ಕರ್' ಪತ್ರಿಕೆಯಲ್ಲಿ ಬಂದವು. ಒಂದರಲ್ಲಿ ಸಿರಿವಂತ ಮುದುಕಿಯೊಬ್ಬಳು, ಬೆಳಿಗ್ಗೆ ತನಗೆ ಒಂದು ಬಟ್ಟಲು ಕಾಫಿಯೂ ಲಿಪ್‌ಮನ್ನರೂ ಇದ್ದರೆ ಬೇರೇನೂ ಬೇಡವೆಂದು ಗೆಳತಿಗೆ ಹೇಳುತ್ತಾಳೆ. ಇನ್ನೊಂದರಲ್ಲಿ ಗೃಹಿಣಿಯೊಬ್ಬಳು ಪತ್ರಿಕೆಯನ್ನು ಹಿಡಿದು, ಇಂದು ಲಿಪ್‌ಮನ್ನರು ತನ್ನನ್ನು ಹೆದರಿಸಿಬಿಟ್ಟರೆಂದು ದೂರುತ್ತಾಳೆ. ನಕ್ಕುಬಿಡುವ ಮಾತಲ್ಲ ಇದು. ಕಾಫಿಯ ಜೊತೆಗೆ ಅಭಿಪ್ರಾಯವನ್ನೂ ಸಿದ್ಧವಾಗಿ ಕುಡಿಯುವ ವಾಚಕವರ್ಗವೊಂದು ಹುಟ್ಟಿಕೊಂಡಿತ್ತು. ಅವರು ಮೆಚ್ಚಿದ್ದು ಲಿಪ್‌ಮನ್ನರ ದನಿಯನ್ನು. ಏರುಸ್ವರವಿಲ್ಲ, ಬೈಗಳಿಲ್ಲ, ಗೊಂದಲದ ಸಂಗತಿಯನ್ನು ತೊಳೆದು ಒರೆಸಿ ಎದುರಿಗಿಟ್ಟ ಹಾಗೆ ವಾಕ್ಯಗಳು. ಓದಿ ಮುಗಿಸಿದವನಿಗೆ ತಾನೇ ವಿಚಾರಮಾಡಿ ಈ ನಿರ್ಣಯಕ್ಕೆ ಬಂದೆನೆಂದು ಅನಿಸುತ್ತಿತ್ತು.

ಸೋಜಿಗವೆಂದರೆ, ಈ ಬಗೆಯ ವಾಚಕನನ್ನು ಹತ್ತು ವರ್ಷ ಮೊದಲೇ ವರ್ಣಿಸಿದವರು ಸ್ವತಃ ಲಿಪ್‌ಮನ್ನರೇ. 1922ರ 'ಪಬ್ಲಿಕ್ ಒಪೀನಿಯನ್' ಎಂಬ ಗ್ರಂಥದಲ್ಲಿ ಅವರು ಮುದ್ರಣಾಲಯದ ಒಂದು ಮಾತನ್ನು ಎತ್ತಿಕೊಂಡರು. ಅಕ್ಷರದ ಪುಟವನ್ನು ಎರಕಹೊಯ್ದು ಮಾಡುವ ಇಡಿಯ ಅಚ್ಚಿಗೆ ಸ್ಟೀರಿಯೋಟೈಪ್ ಎಂದು ಹೆಸರು. ಒಮ್ಮೆ ಎರಕವಾದ ಮೇಲೆ ಅದರಲ್ಲಿ ಒಂದು ಅಕ್ಷರವನ್ನೂ ಕದಲಿಸಲಿಕ್ಕೆ ಬಾರದು. ಮನುಷ್ಯನ ತಲೆಯಲ್ಲಿಯೂ ಇಂಥ ಅಚ್ಚುಗಳಿರುತ್ತವೆ. ಅವನು ನೋಡಿ ಆಮೇಲೆ ತಿಳಿಯುವದಿಲ್ಲ, ಮೊದಲೇ ತಿಳಿದುಕೊಂಡು ಆಮೇಲೆ ನೋಡುತ್ತಾನೆ ಎಂಬದು ಅವರ ವಾದ. ಇಂದು ಲೋಕವೆಲ್ಲ ಬಳಸುವ ಆ ಶಬ್ದದ ಅರ್ಥವು ಅಲ್ಲಿಂದ ಹಬ್ಬಿತು. 1925ರ ಇನ್ನೊಂದು ಗ್ರಂಥದಲ್ಲಿ, ಎಲ್ಲ ವಿಷಯಗಳನ್ನೂ ಬಲ್ಲ 'ಸಾರ್ವಜನಿಕರು' ಎಂಬ ಪ್ರಾಣಿಯೇ ಇಲ್ಲ, ಅದೊಂದು ಭೂತ ಎಂದರು. ತತ್ತ್ವಜ್ಞಾನಿ ಜಾನ್ ಡ್ಯೂಯಿಯವರು ಈ ರೋಗನಿದಾನವನ್ನು ಮೆಚ್ಚಿದರು, ಔಷಧವನ್ನು ಒಪ್ಪಲಿಲ್ಲ. ಜನರಿಗೆ ಕೂಡಿ ಚರ್ಚಿಸುವ ಅವಕಾಶವಿದ್ದರೆ ಅವರು ಕಲಿತುಕೊಳ್ಳುವರೆಂದು 1927ರಲ್ಲಿ ಬೇರೊಂದು ಗ್ರಂಥವನ್ನೇ ಬರೆದರು. ವಾಚಕನು ಲೇಖಕನಿಗೆ ಕೊಡಬಹುದಾದ ಉತ್ತರಗಳಲ್ಲಿ ಇದು ಶ್ರೇಷ್ಠವಾದದ್ದೆಂದು ನಮ್ಮ ಎಣಿಕೆ. ಎಲ್ಲರೂ ಗ್ರಂಥ ಬರೆಯಲಾರರು, ನಿಜ.

ಉಳಿದ ವಾಚಕರ ಅಭಿಪ್ರಾಯವು ಗಾಳಿಯ ಹಾಗೆ ತಿರುಗುತ್ತಿತ್ತು. ತಿರುಗಲಿಕ್ಕೆ ಲಿಪ್‌ಮನ್ನರೂ ಕಾರಣವಿತ್ತರು. 1932ರ ಜನವರಿಯಲ್ಲಿ ಅವರು ರೂಜ್ವೆಲ್ಟರನ್ನು, ಅಧ್ಯಕ್ಷಪದಕ್ಕೆ ಬೇಕಾದ ವಿಶೇಷ ಯೋಗ್ಯತೆ ಯಾವುದೂ ಇಲ್ಲದ ಸಜ್ಜನ ಎಂದು ತಳ್ಳಿಹಾಕಿದರು. ಒಂದೇ ವರ್ಷದ ನಂತರ ಅದೇ ರೂಜ್ವೆಲ್ಟರ ಕೈಗೆ ಅಸಾಧಾರಣ ಅಧಿಕಾರವನ್ನು ಕೊಡಬೇಕೆಂದರು. 1936ರಲ್ಲಿ ಅವರ ಪ್ರತಿಸ್ಪರ್ಧಿ ಲ್ಯಾಂಡನ್ನರ ಪಕ್ಷ ಹಿಡಿದರು. ಪ್ರತಿ ತಿರುವಿನಲ್ಲಿಯೂ ಹಳೆಯ ಅಭಿಮಾನಿಗಳು ಶಪಿಸಿದರು, ಹೊಸಬರು ಕೊಂಡಾಡಿದರು. 1933ರ ಮೇ ತಿಂಗಳಲ್ಲಿ ಹಿಟ್ಲರನ ಒಂದು ಸಮಾಧಾನದ ಭಾಷಣವನ್ನು ಓದಿ, ಇದು ಸುಸಂಸ್ಕೃತ ಜನಾಂಗದ ನಿಜವಾದ ದನಿ ಎಂಬರ್ಥದಲ್ಲಿ ಬರೆದರು. ಮುಂದೆ ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿಗಳಾದ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಎಂಬ ಹಳೆಯ ಸ್ನೇಹಿತರು ಇದರಿಂದ ನೊಂದು, ಕೆಲವು ವರ್ಷ ಅವರೊಡನೆ ಮಾತನ್ನೇ ಬಿಟ್ಟರು. ಅವರೂ ಯಹೂದಿಗಳೇ.

ಆದರೆ ನಮ್ಮ ಮನಸ್ಸನ್ನು ಕಾಡುವ ಲೇಖವು ಇವಾವುದೂ ಅಲ್ಲ. ಅದು 1942ನೆಯ ಫೆಬ್ರುವರಿ 12ರದು.

ಜಪಾನವು ಪರ್ಲ್ ಹಾರ್ಬರಿನ ಮೇಲೆ ಎರಗಿ ಎರಡು ತಿಂಗಳಾಗಿತ್ತು. ಲಿಪ್‌ಮನ್ನರು ಕ್ಯಾಲಿಫೋರ್ನಿಯಕ್ಕೆ ಹೋಗಿ ಸೇನಾಧಿಪತಿಗಳನ್ನೂ ಪ್ರಾಂತದ ಅಧಿಕಾರಿಗಳನ್ನೂ ಕಂಡರು. ಕರಾವಳಿಯಲ್ಲಿ ನೆಲಸಿದ ಜಪಾನೀ ವಂಶದವರನ್ನು ಕುರಿತು ಬರೆದರು. ಅಲ್ಲಿ ಇದುವರೆಗೆ ದ್ರೋಹದ ಕೃತ್ಯ ಒಂದೂ ನಡೆದಿರಲಿಲ್ಲ. ಲಿಪ್‌ಮನ್ನರು ಅದನ್ನು ಒಪ್ಪಿಕೊಂಡರು. ಒಪ್ಪಿಕೊಂಡು ಹೇಳಿದ್ದೇನೆಂದರೆ, ಏನೂ ನಡೆಯದಿರುವದೇ ಭಯದ ಲಕ್ಷಣ, ಒಳ್ಳೆ ಪೆಟ್ಟು ಹಾಕಲಿಕ್ಕೆ ಶತ್ರುವು ಸಮಯ ಕಾಯುತ್ತಿದ್ದಾನೆ! ಈ ತರ್ಕವನ್ನು ಸ್ವಲ್ಪ ಹೊರಳಿಸಿ ನೋಡಿರಿ. ದ್ರೋಹ ಮಾಡಿದರೆ ಅಪರಾಧಿ. ಮಾಡದಿದ್ದರೆ ಇನ್ನೂ ದೊಡ್ಡ ಅಪರಾಧಿ. ಇದರಿಂದ ಪಾರಾಗುವ ನಿರಪರಾಧಿ ಭೂಮಿಯ ಮೇಲಿಲ್ಲ. ತಲೆಯೊಳಗಿನ ಅಚ್ಚುಗಳನ್ನು ಜಗತ್ತಿಗೆ ತೋರಿಸಿಕೊಟ್ಟವರೇ ಅಚ್ಚಿನೊಳಗೆ ಬಿದ್ದಿದ್ದರು.

ಇದನ್ನೇ ಒಬ್ಬ ಕೂಗುಮಾರಿ ಬರೆದಿದ್ದರೆ ಜನರು ಅರ್ಧ ನಂಬುತ್ತಿದ್ದರೇನೋ. ಬರೆದವರು ಶಾಂತವಾಗಿ ಮಾತಾಡುವ ಲಿಪ್‌ಮನ್ನರು. ವೆಸ್ಟ್‌ಬ್ರುಕ್ ಪೆಗ್ಲರ್ ಎಂಬ ಬೆಂಕಿಯುಗುಳುವ ಅಂಕಣಕಾರನು ನಾಲ್ಕೇ ದಿನದಲ್ಲಿ ಅವರ ಹೆಸರು ಹೇಳಿ, ಜಪಾನೀಯರನ್ನೆಲ್ಲ ಕಾವಲಿನಲ್ಲಿಡಿರೆಂದು ಬರೆದನು. ಸರಕಾರದ ನ್ಯಾಯಖಾತೆಯ ಮುಖ್ಯರಾದ ಫ್ರಾನ್ಸಿಸ್ ಬಿಡ್ಲ್ ಅವರೂ ಲೇಖವನ್ನು ಓದಿದರು. ಫೆಬ್ರುವರಿ 17ರಂದು ಅವರು ರೂಜ್ವೆಲ್ಟರಿಗೆ ಬರೆದ ಟಿಪ್ಪಣಿಯಲ್ಲಿ, ಈ ಅಂಕಣಕಾರರ ಕೆಲಸವು ತುಂಬಿದ ನಾಟಕಗೃಹದಲ್ಲಿ ಬೆಂಕಿ ಎಂದು ಕೂಗುವದಕ್ಕೆ ಸಮೀಪವಾದುದೆಂದರು. ಒಬ್ಬ ಎಚ್ಚರದ ವಾಚಕನ ಅಭಿಪ್ರಾಯವದು. ಆದರೆ ಸರಕಾರಿ ಟಿಪ್ಪಣಿಯಲ್ಲಿಯೇ ಉಳಿಯಿತು. ಫೆಬ್ರುವರಿ 19ರಂದು ರೂಜ್ವೆಲ್ಟರು ಆಜ್ಞೆಗೆ ರುಜು ಹಾಕಿದರು. ಒಂದು ಲೇಖದಿಂದಲೇ ಆಜ್ಞೆ ಹೊರಟಿತೆಂದು ನಾವು ಹೇಳುವದಿಲ್ಲ. ಸೇನೆಯ ಒತ್ತಾಯವಿತ್ತು, ಕರಾವಳಿಯ ಬಿಳಿಯರ ಹಳೆಯ ಮತ್ಸರವಿತ್ತು. ಲೇಖವು ಆ ಮತ್ಸರಕ್ಕೆ ಮಾನವಂತರ ಅಂಗಿಯನ್ನು ತೊಡಿಸಿತು.

ಸುಮಾರು 1,20,000 ಜನರು ಮನೆ, ಅಂಗಡಿ, ತೋಟಗಳನ್ನು ಬಿಟ್ಟು ಮುಳ್ಳುತಂತಿಯ ಬಿಡಾರಗಳಿಗೆ ನಡೆದರು. ಅವರಲ್ಲಿ ಮೂರರಲ್ಲಿ ಎರಡು ಪಾಲಿನವರು ಅಮೇರಿಕೆಯಲ್ಲೇ ಹುಟ್ಟಿದ ಪ್ರಜೆಗಳು. ಮ್ಯಾಂಜನಾರ್ ಎಂಬ ಬಿಡಾರದಲ್ಲಿ ಅವರೂ ಒಂದು ಪತ್ರಿಕೆಯನ್ನು ಹೊರಡಿಸಿದರು. ಅದರ ಹೆಸರಿನಲ್ಲಿ 'ಸ್ವತಂತ್ರ' ಎಂಬ ಶಬ್ದವಿತ್ತು. ಅಚ್ಚಾಗುವದು ಮಾತ್ರ ಅಧಿಕಾರಿಗಳ ಕಣ್ಣಳತೆಯಲ್ಲಿ. ಲಿಪ್‌ಮನ್ನರ ಬರೆಹದ ಪೆಟ್ಟು ಯಾರಿಗೆ ತಗಲಿತೋ ಆ ವಾಚಕರ ಅಭಿಪ್ರಾಯವನ್ನು ಕೇಳಲಿಕ್ಕೆ ದೇಶಕ್ಕೆ ಬಹಳ ಕಾಲ ಹಿಡಿಯಿತು. 1988ರಲ್ಲಿ ಸಂಸತ್ತು ಕಾಯಿದೆಯ ಮೂಲಕ ಕ್ಷಮೆ ಕೇಳಿ, ಬದುಕಿ ಉಳಿದವರಿಗೆ ತಲೆಗೆ 20,000 ಡಾಲರು ಕೊಟ್ಟಿತು. ಲಿಪ್‌ಮನ್ನರು ತೀರಿಕೊಂಡು ಆಗ ಹದಿನಾಲ್ಕು ವರ್ಷವಾಗಿತ್ತು.

ಹಾಗಾದರೆ ಅವರು ಕೆಟ್ಟ ಲೇಖಕರೇ? ಹಾಗೆಂದು ಹೇಳಿ ಚಪ್ಪಾಳೆ ಗಿಟ್ಟಿಸಲು ನಮಗೆ ಮನಸ್ಸಿಲ್ಲ. ಐದೇ ವರ್ಷದ ನಂತರ, 1947ರಲ್ಲಿ, ರಶಿಯವನ್ನು ಎಲ್ಲ ಗಡಿಗಳಲ್ಲಿಯೂ ತಡೆಗಟ್ಟಬೇಕೆಂಬ ಜಾರ್ಜ್ ಕೆನನ್ನರ ಪ್ರಬಂಧವನ್ನು ಲಿಪ್‌ಮನ್ನರು ಸಾಲುಲೇಖಗಳಲ್ಲಿ ಖಂಡಿಸಿದರು. ಅಮೇರಿಕೆಯು ಕಂಡಕಂಡಲ್ಲಿ ಸಿಕ್ಕಿಬೀಳುವದೆಂದು ಎಚ್ಚರಿಸಿದರು. ಕೆನನ್ನರು ಮರುವರ್ಷ ಆಸ್ಪತ್ರೆಯಲ್ಲಿ ಮಲಗಿದ್ದಾಗ ಅವರಿಗೆ ಒಂದು ಉದ್ದ ಪತ್ರ ಬರೆದರು, ಅಂಚೆಗೆ ಹಾಕಲಿಲ್ಲ. ತಾನು ಹೇಳಬೇಕೆಂದಿದ್ದುದೂ ಬಹುಮಟ್ಟಿಗೆ ಅದೇ ಎಂಬದು ಅವರ ದುಃಖ. ಇಂಥ ವಾಚಕರೂ ಇರುತ್ತಾರೆ! ಮುಂದೆ ವಿಯೆಟ್ನಾಂ ಯುದ್ಧದಲ್ಲಿ ಲಿಪ್‌ಮನ್ನರು ಎಪ್ಪತ್ತೈದು ದಾಟಿದ ವಯಸ್ಸಿನಲ್ಲಿ ಅಧ್ಯಕ್ಷ ಜಾನ್ಸನ್ನರನ್ನು ಎದುರು ಹಾಕಿಕೊಂಡರು. ಅರಮನೆಯ ಬಾಗಿಲು ಮುಚ್ಚಿತು, ಗೇಲಿಯ ಮಾತುಗಳು ಹೊರಟವು. ತರುಣರು ಮಾತ್ರ ಹೊಸದಾಗಿ ಮೆಚ್ಚಿಕೊಂಡರು. ಆ ತರುಣರಲ್ಲಿ ಎಷ್ಟು ಮಂದಿ 1942ರ ಲೇಖವನ್ನು ಓದಿದ್ದರು?

ಇಲ್ಲಿ ಲಿಪ್‌ಮನ್ನರಿಂದಲೇ ಒಂದು ಪಾಠವನ್ನು ಎರವಲು ತರುವೆವು. 1920ರಲ್ಲಿ ಅವರೂ ಚಾರ್ಲ್ಸ್ ಮರ್ಜ್ ಎಂಬವರೂ ಕೂಡಿ 'ನ್ಯೂಯಾರ್ಕ್ ಟೈಮ್ಸ್' ಪತ್ರಿಕೆಯ ಮೂರು ವರ್ಷಗಳ, ಸಾವಿರಕ್ಕೂ ಹೆಚ್ಚಿನ ಸಂಚಿಕೆಗಳನ್ನು ಮುಂದಿಟ್ಟುಕೊಂಡು ರಶಿಯದ ಕ್ರಾಂತಿಯ ಸುದ್ದಿಗಳನ್ನು ಪರೀಕ್ಷಿಸಿದರು. ಬೋಲ್ಶೆವಿಕರ ಆಳಿಕೆಯು ಇನ್ನೇನು ಬಿತ್ತೆಂದು ಆ ಪತ್ರಿಕೆಯು 91 ಸಲ ಬರೆದಿತ್ತೆಂದು ಎಣಿಸಿ ತೋರಿಸಿದರು. ಸುಳ್ಳು ಬರೆಯಬೇಕೆಂದು ಯಾರೂ ಬರೆದುದಲ್ಲ. ಬರೆದವರ ಆಸೆಯೂ ಅಂಜಿಕೆಯೂ ಬರೆಸಿದ್ದವು. ದಿನದ ಸಂಚಿಕೆಯನ್ನು ದಿನಕ್ಕೆ ಓದಿ ಬಿಸಾಡಿದವರಿಗೆ ಈ 91 ಕಾಣುತ್ತಿರಲಿಲ್ಲ. ಕಟ್ಟನ್ನು ಬಿಚ್ಚಿ ಓದಿದವರಿಗೆ ಕಂಡಿತು. ಲಿಪ್‌ಮನ್ನರನ್ನೂ ಅದೇ ರೀತಿಯಲ್ಲಿ ಓದಿದರೆ 1933 ಕಾಣುತ್ತದೆ, 1942 ಕಾಣುತ್ತದೆ, 1947ರ ದೂರದೃಷ್ಟಿಯೂ ಕಾಣುತ್ತದೆ.

ಇನ್ನು ನಮ್ಮ ಬಿನ್ನಹ ಒಂದೇ. ನಿಮ್ಮ ಕಾರ್ಯದರ್ಶಿಗಳು ಈಗ ತಾನೆ ಓದಿದ ಜಮಾಖರ್ಚಿನಲ್ಲಿ, ಹಳೆಯ ಪತ್ರಿಕೆಗಳನ್ನು ರದ್ದಿಗೆ ಮಾರಿ ಬಂದ ಹಣವೆಂದು ಒಂದು ಕಲಮು ಇದೆ. ಹಣವು ಸಣ್ಣದು. ಮುಂದಿನ ವರ್ಷದಿಂದ ಆ ಕಲಮನ್ನು ಕೈಬಿಟ್ಟು, ಬದಲಿಗೆ ರಟ್ಟು ಹಾಕಿಸುವ ಖರ್ಚನ್ನು ಬರೆಯಿರಿ. ಮೂರು ಪತ್ರಿಕೆಗಳಾದರೂ ಸಾಕು, ತಿಂಗಳವಾರು ಕಟ್ಟಿಸಿ ಕಪಾಟಿನಲ್ಲಿಡಿರಿ. ಮೇಜಿನ ಬದಿಯಲ್ಲಿ ವಾದ ಹತ್ತಿದಾಗ ಎದ್ದು ಹೋಗಿ ತೆಗೆದು ನೋಡಲಿಕ್ಕೆ ಬರುವಂತಿರಲಿ. ನಮ್ಮ ವಾರಪತ್ರಿಕೆಯ ಸಂಚಿಕೆಗಳನ್ನೂ ಅದರಲ್ಲಿ ಸೇರಿಸಿರಿ. ರಟ್ಟಿನ ಖರ್ಚನ್ನು ನಾವು ಕೊಡುವೆವು.