ನಳಿಕೆಯ ತುದಿ ಎಲ್ಲಿದೆ?



ಆಳಂದ ತಾಲ್ಲೂಕಿನ ಅಮರ್ಜಾ ಹೊಳೆ ಅಫಜಲಪುರ ತಾಲ್ಲೂಕಿನ ಗಾಣಗಾಪುರದ ಬಳಿ ಭೀಮಾ ನದಿಯನ್ನು ಕೂಡುತ್ತದೆ. ಭೀಮೆ ಮುಂದೆ ಜೇವರ್ಗಿಯತ್ತ ಹರಿಯುತ್ತಾಳೆ. ನಮ್ಮ ದೇಹದ ಅಭಿಧಮನಿಗಳೂ ಹೀಗೆಯೇ. ತೋಳಿನಿಂದ ಬಂದದ್ದು ಕುತ್ತಿಗೆಯಿಂದ ಬಂದದ್ದನ್ನು ಕೂಡುತ್ತದೆ. ಎಡ ಬಲಗಳೆರಡೂ ಸೇರಿ ಊರ್ಧ್ವ ಮಹಾ ಅಭಿಧಮನಿಯಾಗಿ ಹೃದಯದ ಬಲ ಹೃತ್ಕರ್ಣವನ್ನು ಮುಟ್ಟುತ್ತವೆ.

ಈ ಮೂರು ತಾಲ್ಲೂಕುಗಳಿಂದ ಕಲಬುರಗಿಯ ದೊಡ್ಡ ಆಸ್ಪತ್ರೆಗೆ ಬರುವ ರೋಗಿಯ ರಕ್ತದೊತ್ತಡ ತೀರ ಕುಸಿದಿದೆ ಎನ್ನಿ. ಅದನ್ನು ಏರಿಸುವ ಕೆಲವು ಔಷಧಿಗಳು ಕೈಯ ಸಣ್ಣ ಅಭಿಧಮನಿಯಿಂದ ಹೊರಗೆ ಸೋರಿದರೆ ಸುತ್ತಲಿನ ಮಾಂಸಕ್ಕೆ ಹಾನಿ. ಆದ್ದರಿಂದ ಕುತ್ತಿಗೆಯಿಂದಲೋ ಕೊರಳೆಲುಬಿನ ಕೆಳಗಿನಿಂದಲೋ ಉದ್ದನೆಯ ನಳಿಕೆಯನ್ನು ಮಹಾ ಅಭಿಧಮನಿಗೆ ಇಳಿಸುತ್ತಾರೆ. ಇದೇ ಸೆಂಟ್ರಲ್ ಲೈನ್.

ಸೂಜಿಯಲ್ಲಿ ರಕ್ತ ಬಂದರೆ ಕೆಲಸ ಮುಗಿಯಿತೇ? ಇಲ್ಲ. ಎರಡು ಪ್ರಶ್ನೆಗಳು ಉಳಿದಿವೆ.

ಮೊದಲನೆಯದು, ಇದು ಅಭಿಧಮನಿಯೋ, ಪಕ್ಕದ ಅಪಧಮನಿಯೋ? ಅಪಧಮನಿಯ ರಕ್ತ ಕೆಂಪಗೆ ಚಿಮ್ಮುತ್ತದೆಂದು ನೀವು ಓದಿದ್ದೀರಿ. ಆದರೆ ಆಮ್ಲಜನಕ ಕಡಿಮೆಯಾದವನಲ್ಲಿ ಅದೂ ಕಪ್ಪಾಗಿರುತ್ತದೆ. ಒತ್ತಡ ಕುಸಿದವನಲ್ಲಿ ಚಿಮ್ಮುವುದೂ ಇಲ್ಲ. ಆದ್ದರಿಂದ ದಪ್ಪ ನಳಿಕೆ ತೂರಿಸುವ ಮೊದಲೇ ಅಲ್ಟ್ರಾಸೌಂಡ್‌ನಲ್ಲಿ ನೋಡಿ, ಇಲ್ಲವೇ ಒತ್ತಡವನ್ನು ಅಳೆದು ಖಚಿತಪಡಿಸಿಕೊಳ್ಳಬೇಕು.

ಎರಡನೆಯದು, ತುದಿ ಎಲ್ಲಿದೆ? ಅಮರ್ಜೆಯಲ್ಲಿ ತೇಲಿಬಿಟ್ಟ ದಿಮ್ಮಿ ಸಂಗಮದಲ್ಲಿ ಭೀಮೆಯ ಮೇಲ್ದಿಕ್ಕಿಗೆ ತಿರುಗದು. ತಳ್ಳಿದ ನಳಿಕೆಯಾದರೋ ಕೊರಳೆಲುಬಿನ ಕಡೆಯಿಂದ ಹೊರಟು ಕುತ್ತಿಗೆಯತ್ತ ಮೇಲೇರಬಹುದು! ಎದೆಯ ಎಕ್ಸ್‌ರೇಯಲ್ಲಿ ಅದು ಕಾಣುತ್ತದೆ. ತುದಿ ಮಹಾ ಅಭಿಧಮನಿಯ ಕೆಳಭಾಗದಲ್ಲಿ, ಹೃತ್ಕರ್ಣದ ಸಮೀಪ ಇರಬೇಕು. ಶ್ವಾಸನಾಳ ಕವಲೊಡೆಯುವ ಜಾಗ ಇದಕ್ಕೆ ಗುರುತು. ಸೂಜಿ ತಗುಲಿ ಶ್ವಾಸಕೋಶದ ಸುತ್ತ ಗಾಳಿ ತುಂಬಿದೆಯೇ ಎಂಬುದೂ ಅದೇ ಚಿತ್ರದಲ್ಲಿ ತಿಳಿಯುತ್ತದೆ. ನಳಿಕೆಯ ತುದಿಯ ಮೂಲಕವೇ ಇಸಿಜಿ ತೆಗೆಯುವ ವಿಧಾನವೂ ಉಂಟು. ತುದಿ ಹೃತ್ಕರ್ಣವನ್ನು ಸಮೀಪಿಸಿದಂತೆ 'ಪಿ' ಅಲೆ ಎತ್ತರವಾಗುತ್ತದೆ.

1929ರಲ್ಲಿ ಜರ್ಮನಿಯ ತರುಣ ವೈದ್ಯ ವರ್ನರ್ ಫೋರ್ಸ್‌ಮನ್ ತನ್ನದೇ ತೋಳಿನಿಂದ 65 ಸೆಂಟಿಮೀಟರ್ ನಳಿಕೆ ತೂರಿಸಿಕೊಂಡು, ಎಕ್ಸ್‌ರೇ ಕೋಣೆಗೆ ನಡೆದುಹೋಗಿ ಚಿತ್ರ ತೆಗೆಸಿದರು. ತುದಿ ಹೃದಯದಲ್ಲಿತ್ತು. 1956ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಸಿಕ್ಕಿತು. ಅವರ ಸಾಹಸ ಅನುಕರಣೀಯವಲ್ಲ. ಆದರೆ 'ತಲುಪಿರಬೇಕು' ಎಂದು ಸುಮ್ಮನಾಗದೆ ನೋಡಿ ತಿಳಿದದ್ದು ಅನುಕರಣೀಯ.

ನಾಳೆ ನಿಮ್ಮ ಮನೆಯವರಿಗೆ ಇಂಥ ನಳಿಕೆ ಹಾಕಿ ಎಕ್ಸ್‌ರೇಗೆ ಬರೆದುಕೊಟ್ಟರೆ, ಅದು ದಂಡದ ಖರ್ಚಲ್ಲವೆಂದು ಹಿರಿಯರಿಗೆ ತಿಳಿಸಿ ಹೇಳಿ. ನಿಮ್ಮಲ್ಲೇ ಯಾರಾದರೂ ದಾದಿಯೋ ವೈದ್ಯರೋ ಆದರೆ, ಆ ಚಿತ್ರವನ್ನು ನೀವೇ ಕಣ್ಣಾರೆ ನೋಡಿ.